ಐಸ್‌ಕ್ರೀಮ್ ಸಾಮ್ರಾಜ್ಯ: ಜೋಡಣೆ ಮತ್ತು ಬಳಕೆಯ ಕೈಪಿಡಿ

ಮೊದಲು ಇದನ್ನು ಓದಿ

ಈ ಕೈಪಿಡಿಯನ್ನು ಕೊಂಡಿದ್ದಕ್ಕೆ ಧನ್ಯವಾದ. ಇದರಲ್ಲಿ ಹೇಳಿದಂತೆ ನಡೆದುಕೊಂಡರೆ ತಾವು ಪರದೇಶದಲ್ಲಿ, ಕೈಯಲ್ಲಿ ಕಾಸಿಲ್ಲದೆ ಶುರುಮಾಡಿ, ನೂರಾರು ಐಸ್‌ಕ್ರೀಮ್ ಅಂಗಡಿಗಳ ಒಡೆಯರಾಗಬಹುದು. ಇದನ್ನು ಒಬ್ಬನ ಮೇಲೆ ಪೂರ್ತಿಯಾಗಿ ಪ್ರಯೋಗಿಸಿ ನೋಡಲಾಗಿದೆ. ಆತ 1906ರಲ್ಲಿ ಗ್ರೀಸಿನ ಅಥೆನ್ಸಿನಲ್ಲಿ ಅಥನಾಸಿಯೊಸ್ ಕಾರ್ವೆಲಸ್ ಆಗಿ ಹುಟ್ಟಿದ. ಚಿಕ್ಕಂದಿನಲ್ಲೇ ಮನೆಯವರ ಜೊತೆ ಅಮೆರಿಕಕ್ಕೆ ಹೋದ. 1990ರಲ್ಲಿ ಟಾಮ್ ಕಾರ್ವೆಲ್ ಆಗಿ ತೀರಿಕೊಂಡ. ಆತನ ವಿಷಯದಲ್ಲಿ ಎಲ್ಲವೂ ಸರಿಯಾಗಿಯೇ ಕೆಲಸ ಮಾಡಿತು. ಆದರೆ ಆತ ಯಾವ ಕೈಪಿಡಿಯನ್ನೂ ಓದಿರಲಿಲ್ಲ. ಓದಿಕೊಂಡು ಹೊರಟವರ ಫಲಿತಾಂಶಕ್ಕೆ ನಾವು ಜವಾಬ್ದಾರರಲ್ಲ.

ಎಚ್ಚರಿಕೆ: ಐಸ್‌ಕ್ರೀಮನ್ನು ಬಿಸಿಲಿನಲ್ಲಿ ಇಡಬೇಡಿ. (2ನೇ ಹಂತಕ್ಕೆ ಈ ಎಚ್ಚರಿಕೆಯಿಂದ ವಿನಾಯಿತಿ ಇದೆ.)

ಡಬ್ಬಿಯೊಳಗೆ ಏನೇನಿದೆ

ಹೆಸರು, ಒಂದು. ಉದ್ದವಾಗಿದ್ದರೆ ಕತ್ತರಿಸಿಕೊಳ್ಳಿ. ಬಾಯಲ್ಲಿ ಕೋನ್ ಇರುವಾಗಲೂ ಗಿರಾಕಿ ಅದನ್ನು ಹೇಳಲು ಬರಬೇಕು. ಕತ್ತರಿಸಿದ್ದು ಸಾಲದೆನಿಸಿದರೆ ಹೊಸದನ್ನೇ ಹುಟ್ಟಿಸಿ. ಪೋಲೆಂಡಿನಿಂದ ತಾಯಿಯ ಜೊತೆ ಬಂದು ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ ಐಸ್ ಮಾರಿಕೊಂಡು ಬೆಳೆದ ರೂಬೆನ್ ಮ್ಯಾಟಸ್ 1960ರಲ್ಲಿ ತನ್ನ ಐಸ್‌ಕ್ರೀಮಿಗೆ ‘ಹಾಗನ್ ಡಾಜ್’ ಎಂದು ಹೆಸರಿಟ್ಟ. ಕೇಳಿದವರಿಗೆ ಅದು ಡೆನ್ಮಾರ್ಕಿನ ಮಾತಿನಂತೆ ಕೇಳಬೇಕೆಂಬುದು ಲೆಕ್ಕ. ಡೆನ್ಮಾರ್ಕಿನವರಿಗೂ ಅದರ ಅರ್ಥ ಗೊತ್ತಿಲ್ಲ, ಏಕೆಂದರೆ ಅದಕ್ಕೆ ಅರ್ಥವೇ ಇಲ್ಲ.

ಸಾಲ, 15 ಡಾಲರ್. ಬ್ಯಾಂಕಿಗೆ ಹೋಗಬೇಡಿ. ಮುಂದೆ ತಮ್ಮನ್ನು ಮದುವೆಯಾಗಲಿರುವವರನ್ನು ಕೇಳಿ. ಕಾರ್ವೆಲ್‌ಗೆ ಈ ಹಣ ಕೊಟ್ಟವಳು ಅಗ್ನೆಸ್. ವರ್ಷ 1929, ಅಂದರೆ ಅಮೆರಿಕದ ಷೇರುಪೇಟೆ ಕುಸಿದು ಬಿದ್ದ ವರ್ಷ. ಒಳ್ಳೆಯ ಮುಹೂರ್ತಕ್ಕಾಗಿ ಕಾಯುವವರು ಈ ಸಾಲನ್ನು ಎರಡು ಸಲ ಓದಬೇಕು.

ಲಾರಿ, ಒಂದು. ಹಳೆಯದು. ಟೈರುಗಳ ಬಗ್ಗೆ ಹೆಚ್ಚು ವಿಚಾರಿಸಬೇಡಿ.

ಹಿಂದಿನ ಕಸುಬುಗಳು, ಹಲವು. ಕಾರ್ವೆಲ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸಿದ್ದ, ಕಾರು ರಿಪೇರಿ ಮಾಡಿದ್ದ. ಡ್ರಮ್ಮಿನಿಂದ ಏನು ಉಪಯೋಗವಾಯಿತೋ ದೇವರಿಗೇ ಗೊತ್ತು. ರಿಪೇರಿ ಮಾತ್ರ 3ನೇ ಹಂತದಲ್ಲಿ ಕೈಹಿಡಿಯಿತು.

ಐಸ್‌ಕ್ರೀಮಿನ ಪರಿಣತಿ: ಈ ಡಬ್ಬಿಯಲ್ಲಿ ಇಲ್ಲ. ಪ್ರತ್ಯೇಕವಾಗಿ ಕೊಳ್ಳುವ ಅಗತ್ಯವೂ ಇಲ್ಲ.

ಹಂತ 1: ಬೀದಿಗಿಳಿಯಿರಿ

ಕಸುಬು ಆರಿಸಿಕೊಳ್ಳುವಾಗ, ಮಾತು ಕಡಿಮೆ ಇದ್ದರೂ ನಡೆಯುವಂಥದ್ದನ್ನು ಆರಿಸಿ. ವಕೀಲಿಕೆಗೆ ವ್ಯಾಕರಣ ಬೇಕು, ವೈದ್ಯಕೀಯಕ್ಕೆ ಪರವಾನಗಿ ಬೇಕು. ಐಸ್‌ಕ್ರೀಮ್ ಮಾರಲು ಗಿರಾಕಿ ಎತ್ತಿದ ಬೆರಳುಗಳನ್ನು ಎಣಿಸಲು ಬಂದರೆ ಸಾಕು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ಎಷ್ಟೋ ಊರುಗಳ ಮಿಠಾಯಿ ಅಂಗಡಿ, ಸೋಡಾ ಅಂಗಡಿಗಳು ಗ್ರೀಕರ ಕೈಯಲ್ಲಿದ್ದದ್ದಕ್ಕೆ ಇದೂ ಒಂದು ಕಾರಣ. ಸಿಹಿಗೆ ಉಚ್ಚಾರಣೆಯ ದೋಷವಿಲ್ಲ.

ಲಾರಿಯ ಹಿಂಭಾಗದಲ್ಲಿ ಮಾಲು ಇಟ್ಟುಕೊಂಡು ಜನ ಇರುವ ಕಡೆಗೆಲ್ಲ ಓಡಿಸಿ. ಹೀಗೆ ಕೆಲವು ವರ್ಷ ಮಾಡಿ. ಏನೂ ಆಗುವುದಿಲ್ಲ. ಗಾಬರಿಯಾಗಬೇಡಿ. ಈ ಹಂತದಲ್ಲಿ ಏನೂ ಆಗದಿರುವುದೇ ಸರಿಯಾದ ಫಲಿತಾಂಶ.

ಹಂತ 2: ಪಂಕ್ಚರ್ ಮಾಡಿಕೊಳ್ಳಿ

ಮೇ ತಿಂಗಳ ಕೊನೆಯಲ್ಲಿ ಬರುವ ಮೆಮೋರಿಯಲ್ ಡೇ ರಜೆಯನ್ನು ಆರಿಸಿಕೊಳ್ಳಿ. ಅಮೆರಿಕದವರ ಪಾಲಿಗೆ ಬೇಸಿಗೆ ಬಾಗಿಲು ತೆರೆಯುವ ಹೊತ್ತು ಅದು. ನ್ಯೂಯಾರ್ಕ್ ನಗರದಿಂದ ಉತ್ತರಕ್ಕೆ ವೆಸ್ಟ್‌ಚೆಸ್ಟರ್ ಕಡೆ ಹೊರಡಿ. ಹಾರ್ಟ್ಸ್‌ಡೇಲ್ ಎಂಬ ಊರಿನಲ್ಲಿ ಟೈರು ಪಂಕ್ಚರ್ ಆಗಲಿ. ಮಡಕೆ ಕುಡಿಕೆ ಮಾರುವ ಅಂಗಡಿಯೊಂದರ ಪಕ್ಕದ ಖಾಲಿ ಜಾಗಕ್ಕೆ ಲಾರಿಯನ್ನು ಎಳೆದು ನಿಲ್ಲಿಸಿ. ಐಸ್‌ಕ್ರೀಮ್ ಮೆತ್ತಗಾಗತೊಡಗುತ್ತದೆ. ತಲೆಯ ಮೇಲೆ ಕೈಹೊತ್ತು ಕೂರುವ ಬದಲು ಅದನ್ನೇ ಮಾರಲು ನಿಲ್ಲಿ.

1934ರಲ್ಲಿ ಕಾರ್ವೆಲ್ ಇದನ್ನೇ ಮಾಡಿದ. ರಜೆಗೆ ಹೊರಟಿದ್ದವರು ಕಾರು ನಿಲ್ಲಿಸಿ ಅರ್ಧ ಕರಗಿದ್ದನ್ನೇ ಚಪ್ಪರಿಸಿ ತಿಂದರು. ಎರಡು ದಿನದಲ್ಲಿ ಲಾರಿ ಬರಿದಾಯಿತು. ಆತನಿಗೆ ಎರಡು ಸಂಗತಿ ಹೊಳೆದವು. ಒಂದು, ಗಿರಾಕಿಯನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಒಂದೆಡೆ ನಿಂತರೆ ಗಿರಾಕಿಯೇ ಬರುತ್ತಾನೆ, ಅವನ ಬಳಿ ಈಗ ಕಾರಿದೆ. ಎರಡು, ಕಲ್ಲಿನಂತೆ ಗಟ್ಟಿಯಾದ ಐಸ್‌ಕ್ರೀಮಿಗಿಂತ ಮೆತ್ತಗಿನದು ಜನರಿಗೆ ಇಷ್ಟ. 1936ರಲ್ಲಿ ಅದೇ ಜಾಗದಲ್ಲಿ ಅಂಗಡಿ ತೆರೆದ.

ಈ ಹಂತದಲ್ಲಿ ಹೆಚ್ಚಿನವರು ಎಡವುವುದು ಸ್ಟೆಪ್ನಿ ಇಟ್ಟುಕೊಂಡು ಹೋಗುವುದರಿಂದ. ಸ್ಟೆಪ್ನಿ ಇದ್ದವನು ಹದಿನೈದು ನಿಮಿಷದಲ್ಲಿ ಟೈರು ಬದಲಾಯಿಸಿ ಮುಂದೆ ಹೋಗುತ್ತಾನೆ. ಆತನ ಐಸ್‌ಕ್ರೀಮ್ ಗಟ್ಟಿಯಾಗಿಯೇ ಉಳಿಯುತ್ತದೆ. ಆತನ ಹೆಸರು ಯಾರಿಗೂ ಗೊತ್ತಾಗುವುದಿಲ್ಲ.

ಹಂತ 3: ಕರಗುವುದನ್ನು ಕಾಯಂ ಮಾಡಿ

ಪ್ರತಿದಿನ ಪಂಕ್ಚರ್ ಮಾಡಿಕೊಳ್ಳಲು ಬರುವುದಿಲ್ಲ. ಆಕಸ್ಮಿಕವನ್ನು ಯಂತ್ರಕ್ಕೆ ಒಪ್ಪಿಸಬೇಕು.

ಸ್ಕೂಪಿನಲ್ಲಿ ಬಗೆದು ಕೊಡುವ ಐಸ್‌ಕ್ರೀಮನ್ನು ಮೈನಸ್ 18 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಕೆಳಗೆ ಕಾಪಾಡುತ್ತಾರೆ. ಅಷ್ಟು ಚಳಿಗೆ ನಾಲಿಗೆ ಮರಗಟ್ಟಿ ರುಚಿ ತಿಳಿಯುವುದು ತಡವಾಗುತ್ತದೆ. ಮೆತ್ತಗಿನ ಐಸ್‌ಕ್ರೀಮ್ ಯಂತ್ರದಿಂದ ಹೊರಬರುವುದು ಮೈನಸ್ 6 ಡಿಗ್ರಿಯ ಆಸುಪಾಸಿನಲ್ಲಿ. ತಣ್ಣಗಿನ ಉರುಳೆಯ ಒಳಗೋಡೆಗೆ ಹಾಲಿನ ಮಿಶ್ರಣ ಹೆಪ್ಪುಗಟ್ಟುತ್ತದೆ, ತಿರುಗುವ ಅಲಗು ಅದನ್ನು ಕೆರೆಯುತ್ತಲೇ ಗಾಳಿಯನ್ನು ಒಳಗೆ ಕಡೆಯುತ್ತದೆ. ಗಾಳಿ ಇಲ್ಲದಿದ್ದರೆ ಅದು ಐಸ್‌ಕ್ರೀಮಲ್ಲ, ಸಿಹಿಯಾದ ಮಂಜುಗಡ್ಡೆ. ಗಾಳಿ ಹೆಚ್ಚಾದರೆ ಅದು ವ್ಯಾಪಾರವಲ್ಲ, ಮೋಸ. ಎರಡರ ನಡುವಿನ ಗೆರೆಯನ್ನು ಅಮೆರಿಕದ ಕಾನೂನು ತೂಕದಲ್ಲಿ ಎಳೆದಿದೆ: ಒಂದು ಗ್ಯಾಲನ್ ಐಸ್‌ಕ್ರೀಮ್ ನಾಲ್ಕೂವರೆ ಪೌಂಡಿಗಿಂತ ಹಗುರಾಗಿರಕೂಡದು. ಅಂದರೆ ಮೂರು ಮುಕ್ಕಾಲು ಲೀಟರಿನ ಡಬ್ಬಿಯಲ್ಲಿ ಎರಡು ಕೆಜಿಯಷ್ಟು ಮಾಲು ಇದ್ದರೆ ಸಾಕು, ಮಿಕ್ಕ ಜಾಗದಲ್ಲಿ ತಾವು ಗಾಳಿಯನ್ನು ಕಾನೂನುಬದ್ಧವಾಗಿ ಮಾರಬಹುದು.

ಕಾರು ರಿಪೇರಿ ಬಲ್ಲ ಕೈಗೆ ಈ ಯಂತ್ರ ಒಗ್ಗಿತು. ಕಾರ್ವೆಲ್ ತನ್ನದೇ ಫ್ರೀಜರ್ ಕಟ್ಟಿ ಪೇಟೆಂಟ್ ಪಡೆದ. ಇಷ್ಟರಲ್ಲಿ ಇಲಿನಾಯ್ ರಾಜ್ಯದಲ್ಲಿ ಬೇರೆಯವರೂ ಮೆತ್ತಗಿನ ಐಸ್‌ಕ್ರೀಮಿನ ಬೆನ್ನು ಹತ್ತಿದ್ದರು. 1938ರಲ್ಲಿ ಕಾಂಕಕೀ ಊರಿನಲ್ಲಿ ಅದನ್ನು ಜನರಿಗೆ ಕೊಟ್ಟು ನೋಡಿದರು, 1940ರಲ್ಲಿ ಜೋಲಿಯೆಟ್‌ನಲ್ಲಿ ಮೊದಲ ಡೇರಿ ಕ್ವೀನ್ ಅಂಗಡಿ ತೆರೆದರು. ಮೊದಲು ಮಾಡಿದ್ದು ಯಾರು ಎಂಬ ಜಗಳ ಮುಂದೆ ಬಂದೇ ಬರುತ್ತದೆ. ಬಂದಾಗ ದನಿ ಜೋರಾಗಿರಲಿ.

ಹಂತ 4: ಯಂತ್ರ ಮಾರಿ ಕೈಸುಟ್ಟುಕೊಳ್ಳಿ

ಯಂತ್ರ ಚೆನ್ನಾಗಿದೆ ಎಂದಮೇಲೆ ಅದನ್ನೇ ಮಾರಿದರಾಯಿತು ಎನಿಸುತ್ತದೆ. ಮಾರಿ ನೋಡಿ. 1947ರ ಹೊತ್ತಿಗೆ ಕಾರ್ವೆಲ್ ‘ಕಸ್ಟರ್ಡ್ ಕಿಂಗ್’ ಹೆಸರಿನಲ್ಲಿ 71 ಫ್ರೀಜರುಗಳನ್ನು ಮಾರಿದ್ದ. ಕೊಂಡವರಲ್ಲಿ ಹಲವರು ಕಂತು ಕಟ್ಟಲಿಲ್ಲ. ಯಾಕೆಂದು ನೋಡಲು ಅವರ ಅಂಗಡಿಗಳಿಗೇ ಹೋದ. ಯಂತ್ರ ಸರಿಯಾಗಿತ್ತು, ಕೆಟ್ಟಿದ್ದು ಸುತ್ತಲಿನದೆಲ್ಲ. ಅಂಗಡಿ ಇಟ್ಟ ಜಾಗ ಸರಿಯಿಲ್ಲ, ಚೊಕ್ಕಟವಿಲ್ಲ, ಬಾಗಿಲು ತೆರೆಯುವ ಹೊತ್ತಿಗೆ ಲೆಕ್ಕವಿಲ್ಲ.

ಸಾಮಾನ್ಯ ಮನುಷ್ಯ ಇಲ್ಲಿ ಫ್ರೀಜರುಗಳನ್ನು ಜಪ್ತಿ ಮಾಡಿಕೊಂಡು ಮನೆಗೆ ಬರುತ್ತಾನೆ. ಕಾರ್ವೆಲ್ ಬೇರೆ ಪಾಠ ಕಲಿತ. ಯಂತ್ರವನ್ನು ಮಾರಬಹುದು, ಶಿಸ್ತನ್ನು ಅದರ ಜೊತೆ ಪೊಟ್ಟಣ ಕಟ್ಟಿ ಕೊಡಲಾಗುವುದಿಲ್ಲ. ಹಾಗಾದರೆ ಶಿಸ್ತನ್ನೇ ಮಾರೋಣ, ಯಂತ್ರ ಅದರ ಜೊತೆಗಿರಲಿ. ತನ್ನ ಹೆಸರು, ತನ್ನ ಯಂತ್ರ, ತನ್ನ ಹಾಲಿನ ಮಿಕ್ಸ್, ತನ್ನ ನಿಯಮ. ಬಂಡವಾಳ ಮತ್ತು ಬೆವರು ಮಾತ್ರ ಇನ್ನೊಬ್ಬರದು. ಹೀಗೆ ಫ್ರಾಂಚೈಸಿಗೆ ಕೈಹಾಕಿದ.

ಹಂತ 5: ಕೈಪಿಡಿ ಬರೆಯಿರಿ

ಇದು ಅತ್ಯಂತ ಮುಖ್ಯವಾದ ಹಂತ. ನಿಧಾನವಾಗಿ ಓದಿ.

ಮೊದಲು ಒಂದು ಶಾಲೆ ತೆರೆಯಿರಿ. ಕಾರ್ವೆಲ್ ಯಾಂಕರ್ಸ್ ಊರಿನಲ್ಲಿ ಐಸ್‌ಕ್ರೀಮ್ ಜ್ಞಾನಕ್ಕೆಂದೇ ಕಾಲೇಜು ತೆರೆದ. ಹೊಸದಾಗಿ ಅಂಗಡಿ ಪಡೆದವರು ಅಲ್ಲಿ ಕೂತು ಯಂತ್ರ ತೊಳೆಯುವುದರಿಂದ ಹಿಡಿದು ಲೆಕ್ಕ ಬರೆಯುವವರೆಗೆ ಕಲಿಯಬೇಕಿತ್ತು. ಆಮೇಲೆ ಕರಾರು ಬರೆಯಿರಿ. ಮಿಕ್ಸನ್ನು, ಕೋನನ್ನು, ಮೇಲೆ ಉದುರಿಸುವುದನ್ನೆಲ್ಲ ಕಂಪನಿಯಿಂದ ಅಥವಾ ಕಂಪನಿ ಒಪ್ಪಿದ ಕಡೆಯಿಂದಲೇ ಕೊಳ್ಳತಕ್ಕದ್ದು. ಅಂಗಡಿಯಲ್ಲಿ ಕಂಪನಿಯದಲ್ಲದ ಮಾಲು ಇಡಕೂಡದು. ಪಕ್ಕದೂರಿನ ಡೇರಿಯವನು ಅಗ್ಗವಾಗಿ ಕೊಡುತ್ತೇನೆಂದರೂ ನಮಸ್ಕಾರ ಹೇಳಿ ಕಳಿಸತಕ್ಕದ್ದು.

ಇಷ್ಟು ಬಿಗಿ ಯಾಕೆಂದು ಕೇಳಬಹುದು. ಕಾರಣ ಯಂತ್ರದಲ್ಲೇ ಇದೆ. ಗಟ್ಟಿ ಐಸ್‌ಕ್ರೀಮನ್ನು ಒಂದೇ ಕಾರ್ಖಾನೆಯಲ್ಲಿ ಮಾಡಿ ಎಲ್ಲ ಕಡೆ ಕಳಿಸಬಹುದು, ಅಂಗಡಿಯವನ ಕೆಲಸ ಬಗೆದು ಕೊಡುವುದಷ್ಟೇ. ಮೆತ್ತಗಿನದು ಹಾಗಲ್ಲ, ಅದು ಅಂಗಡಿಯ ಯಂತ್ರದಲ್ಲಿ ಆಗಷ್ಟೇ ತಯಾರಾಗಬೇಕು. ಪ್ರತಿಯೊಂದು ಅಂಗಡಿಯೂ ಒಂದು ಪುಟ್ಟ ಕಾರ್ಖಾನೆ, ಅದರ ಮೇಲ್ವಿಚಾರಕ ನಿನ್ನೆಯವರೆಗೆ ಬೇರೇನೋ ಕೆಲಸ ಮಾಡುತ್ತಿದ್ದವನು. ಒಬ್ಬ ಯಂತ್ರ ತೊಳೆಯದಿದ್ದರೆ ಹೊಟ್ಟೆನೋವು ಒಂದೂರಿಗೆ, ಕೆಟ್ಟ ಹೆಸರು ಎಲ್ಲ ಊರುಗಳಿಗೂ.

ಈ ನಿಯಮಗಳನ್ನು ಕೊಳ್ಳುವವರು ಯಾರು? ಬಹುಪಾಲು ತಮ್ಮಂಥವರೇ. ಸಂಬಳದ ಕೆಲಸ ಸಾಕಾದವರು, ಹೊಸ ದೇಶಕ್ಕೆ ಬಂದು ಅಲ್ಲಿನ ಒಳದಾರಿಗಳು ತಿಳಿಯದವರು. ಇಂದು ಅಮೆರಿಕದ ಎಷ್ಟೋ ಡಂಕಿನ್, ಬಾಸ್ಕಿನ್ ರಾಬಿನ್ಸ್ ಕೌಂಟರುಗಳ ಹಿಂದೆ ಗುಜರಾತಿ ಕುಟುಂಬಗಳಿವೆ. ಅಪರಿಚಿತ ದೇಶದಲ್ಲಿ ನಿಯಮದ ಪುಸ್ತಕ ಹೊರೆಯಲ್ಲ, ನೆಮ್ಮದಿ. ಬೆಳಿಗ್ಗೆ ಎಷ್ಟಕ್ಕೆ ಬಾಗಿಲು ತೆರೆಯಬೇಕು, ಕೋನಿನ ಮೇಲೆ ಎಷ್ಟು ಸುತ್ತು ಹಾಕಬೇಕು ಎಂದು ಯಾರಾದರೂ ಬರೆದುಕೊಟ್ಟರೆ ಅರ್ಧ ಭಯ ಹೋಗುತ್ತದೆ. ಈ ಭಯದ ಬೆಲೆಯನ್ನು ಸರಿಯಾಗಿ ಅಂದಾಜು ಮಾಡಿದವನೇ ಫ್ರಾಂಚೈಸಿ ಕಟ್ಟುತ್ತಾನೆ.

ಇಲ್ಲಿ ಓದುಗರೊಬ್ಬರು ಕೈಯೆತ್ತುತ್ತಾರೆ: “ಹಾಗಾದರೆ 2ನೇ ಹಂತ?” ಪರರ ಜಾಗದಲ್ಲಿ ಕೆಟ್ಟ ಲಾರಿ ನಿಲ್ಲಿಸಿ ಕರಗಿದ ಮಾಲು ಮಾರತಕ್ಕದ್ದು ಎಂಬ ನಿಯಮ ಯಾವ ಫ್ರಾಂಚೈಸಿ ಕರಾರಿನಲ್ಲೂ ಇರುವುದಿಲ್ಲ. ಕಾರ್ವೆಲ್‌ನ ಫ್ರಾಂಚೈಸಿಯೊಬ್ಬ ಹಾಗೆ ಮಾಡಿದ್ದರೆ ಮರುದಿನವೇ ಯಾಂಕರ್ಸ್‌ನಿಂದ ನೋಟೀಸು ಬರುತ್ತಿತ್ತು. ದಯವಿಟ್ಟು ಇಂಥ ಪ್ರಶ್ನೆಗಳನ್ನು ಕೊನೆಗೆ ಇಟ್ಟುಕೊಳ್ಳಿ.

ಹಂತ 6: ಮೈಕು ಕಿತ್ತುಕೊಳ್ಳಿ

1955ರಲ್ಲಿ ಕಾರ್ವೆಲ್ ಕಾರು ಓಡಿಸಿಕೊಂಡು ಹೋಗುತ್ತಿದ್ದಾಗ ರೇಡಿಯೋದಲ್ಲಿ ತನ್ನದೇ ಹೊಸ ಅಂಗಡಿಯ ಜಾಹೀರಾತು ಬಂತು. ಎಲ್ಲವನ್ನೂ ಹೇಳಿದರು, ಅಂಗಡಿ ಎಲ್ಲಿದೆ ಎಂಬುದೊಂದನ್ನು ಬಿಟ್ಟು. ಆತ ಕಾರನ್ನು ರೇಡಿಯೋ ಕೇಂದ್ರದ ಕಡೆ ತಿರುಗಿಸಿ, ತಾನೇ ಮೈಕಿನ ಮುಂದೆ ಕೂತ. ಅಲ್ಲಿಂದ ದಶಕಗಳ ಕಾಲ ಕಂಪನಿಯ ಜಾಹೀರಾತುಗಳಲ್ಲಿ ಆತನದೇ ದನಿ. ಜಲ್ಲಿಕಲ್ಲು ಉರುಳಿದಂಥ ಗಂಟಲು. ತಾಲೀಮಿಲ್ಲ, ತಿದ್ದುಪಡಿಯಿಲ್ಲ. ಆಗಿನ ಜಾಹೀರಾತು ಲೋಕ ನುಣುಪು ದನಿಗಳಿಗೆ ದುಡ್ಡು ಸುರಿಯುತ್ತಿದ್ದರೆ, ಈತನದು ಪಕ್ಕದ ಅಂಗಡಿಯವನು ಬೇಲಿಯಾಚೆಯಿಂದ ಕೂಗಿ ಹೇಳಿದಂತಿತ್ತು. ಜನ ನಕ್ಕರು, ಅಣಕಿಸಿದರು, ಹೋಗಿ ಕೊಂಡರು.

ಕೇಕುಗಳ ವಿಷಯದಲ್ಲಿ ಜಿಪುಣತನವನ್ನು ಕಲೆಯ ಮಟ್ಟಕ್ಕೆ ಏರಿಸಿ. ಅಪ್ಪಂದಿರ ದಿನಕ್ಕೆಂದು ‘ಫಜ್ಜಿ’ ಎಂಬ ತಿಮಿಂಗಿಲದ ಆಕಾರದ ಐಸ್‌ಕ್ರೀಮ್ ಕೇಕು ಬಂತು. ಡಿಸೆಂಬರಿನಲ್ಲಿ ಅದೇ ಅಚ್ಚನ್ನು ತಿರುಗಿಸಿ ನಿಲ್ಲಿಸಿದರೆ ಬಾಲ ಟೋಪಿಯಾಗಿ, ಹೊಟ್ಟೆ ಗಡ್ಡವಾಗಿ, ಸಾಂತಾಕ್ಲಾಸ್ ಆಗುತ್ತಿತ್ತು. ‘ಕುಕಿ ಪಸ್’ ಎಂಬ ಅನ್ಯಗ್ರಹದ ಜೀವಿ ಮಾರ್ಚಿನಲ್ಲಿ ಸೇಂಟ್ ಪ್ಯಾಟ್ರಿಕ್ ಹಬ್ಬ ಬಂದಾಗ ಹೆಸರಿನ ನಡುವೆ ಒಂದು ‘ಓ’ ಸೇರಿಸಿಕೊಂಡು ಐರಿಷ್ ಆಗಿಬಿಡುತ್ತಿತ್ತು. ಅಥನಾಸಿಯೊಸ್ ಟಾಮ್ ಆಗಬಹುದಾದರೆ ಕುಕಿ ಪಸ್ ಐರಿಷ್ ಆಗುವುದಕ್ಕೆ ಏನು ಅಡ್ಡಿ?

ಹಂತ 7: ಕೋರ್ಟಿಗೆ ಹೋಗಿ

ಹೋಗದಿದ್ದರೆ ಕರೆಸುತ್ತಾರೆ. ಕೆಲವು ಫ್ರಾಂಚೈಸಿಗಳು ಎದುರು ನಿಂತು ಕೇಳಿದರು: ಅಂಗಡಿಗೆ ಹಣ ಹಾಕಿದವರು ನಾವು, ಮಿಕ್ಸನ್ನು ಎಲ್ಲಿ ಕೊಳ್ಳಬೇಕೆಂದು ಹೇಳಲು ನೀವು ಯಾರು? ಇದು ಪೈಪೋಟಿಯ ಕತ್ತು ಹಿಸುಕುವ ಏಕಸ್ವಾಮ್ಯವಲ್ಲವೇ? ‘ಸಸರ್ ವಿರುದ್ಧ ಕಾರ್ವೆಲ್ ಕಾರ್ಪೊರೇಷನ್’ ಎಂಬ ಆ ಮೊಕದ್ದಮೆಯಲ್ಲಿ 1964ರಲ್ಲಿ ಎರಡನೇ ಸರ್ಕಿಟ್‌ನ ಮೇಲ್ಮನವಿ ನ್ಯಾಯಾಲಯ ಬಹುಮತದಿಂದ ಕಂಪನಿಯ ಪರ ನಿಂತಿತು. ಮಾರುತ್ತಿರುವುದು ಹೆಸರನ್ನು, ಆ ಹೆಸರಿನಡಿ ಎಲ್ಲ ಕಡೆ ಒಂದೇ ರುಚಿ ಸಿಗಬೇಕಾದರೆ ಮಾಲಿನ ಮೇಲೆ ಹಿಡಿತ ಬೇಕೇಬೇಕು ಎಂಬ ವಾದ ಗೆದ್ದಿತು. ಸುಪ್ರೀಂ ಕೋರ್ಟು ವಿಚಾರಣೆಗೆ ತೆಗೆದುಕೊಂಡು ಮರುವರ್ಷ ಕೈಬಿಟ್ಟಿತು. ಪೈಪೋಟಿಯ ನಿಯಮಗಳನ್ನು ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ನೂ ಕಂಪನಿಯ ಮೇಲೆ ತಾನೇ ಹೂಡಿದ್ದ ದೂರನ್ನು 1965ರಲ್ಲೇ ವಜಾ ಮಾಡಿತು. ಅಮೆರಿಕದಲ್ಲಿ ಫ್ರಾಂಚೈಸಿ ಕಾನೂನು ಓದುವವರು ಈಗಲೂ ಈ ಐಸ್‌ಕ್ರೀಮನ್ನು ದಾಟಿಯೇ ಮುಂದೆ ಹೋಗಬೇಕು.

ಅನುಬಂಧ: ಮುಂಬೈ ಮಾದರಿ

ಪಾಸ್‌ಪೋರ್ಟ್ ಇಲ್ಲದವರು ಈ ಮಾದರಿಯನ್ನು ಬಳಸಬಹುದು. ಹೊರಡುವ ಜಾಗ ದಕ್ಷಿಣ ಕನ್ನಡದ ಮೂಲ್ಕಿ, ತಲುಪುವ ಜಾಗ ಮುಂಬೈಯ ಜುಹು. ರಘುನಂದನ ಕಾಮತರು ಹಣ್ಣಿನ ವ್ಯಾಪಾರಿಯ ಮಗ, ಏಳು ಮಕ್ಕಳಲ್ಲಿ ಕಿರಿಯರು. ಕರಾವಳಿಯ ಸಾವಿರಾರು ಹುಡುಗರಂತೆ ಅವರೂ ಹರೆಯದಲ್ಲೇ ಮುಂಬೈಗೆ ಹೋಗಿ ಅಣ್ಣನ ಹೋಟೆಲಿನಲ್ಲಿ ದುಡಿದರು. 1984ರ ಫೆಬ್ರುವರಿ 14ರಂದು ಜುಹು ಕೋಳಿವಾಡದಲ್ಲಿ ‘ನ್ಯಾಚುರಲ್ಸ್’ ಶುರುಮಾಡಿದರು.

ಇಲ್ಲಿ ಪಂಕ್ಚರಿನ ಬದಲು ಪಾವ್‌ಭಾಜಿ ಬಳಸಿ. ಬರೀ ಐಸ್‌ಕ್ರೀಮಿಗೆ ಜನ ಬರುತ್ತಾರೋ ಇಲ್ಲವೋ ಎಂದು ಮೊದಮೊದಲು ಅಂಗಡಿಯಲ್ಲಿ ಖಾರದ ಪಾವ್‌ಭಾಜಿಯನ್ನೂ ಮಾರಿದರು. ನಾಲಿಗೆ ಉರಿದವರು ತಣ್ಣಗಿನದಕ್ಕೆ ಕೈಚಾಚಿದರು. ಮರುವರ್ಷ ಪಾವ್‌ಭಾಜಿಗೆ ವಿದಾಯ ಹೇಳಿ ಹಾಲು, ಸಕ್ಕರೆ, ಹಣ್ಣಿನ ಐಸ್‌ಕ್ರೀಮನ್ನು ಮಾತ್ರ ಉಳಿಸಿಕೊಂಡರು. ಸೀತಾಫಲ, ಹಲಸು, ಎಳನೀರಿನ ಗಂಜಿ: ಅಪ್ಪನ ಜೊತೆ ಇದ್ದಾಗ ಕಲಿತ ಹಣ್ಣಿನ ಪರೀಕ್ಷೆ ಇಲ್ಲಿ ಬಂಡವಾಳವಾಯಿತು.

ಜೋಡಣೆಯಲ್ಲಿ ಒಂದು ವ್ಯತ್ಯಾಸ ಗಮನಿಸಿ. ಕಾರ್ವೆಲ್‌ನ ಐಸ್‌ಕ್ರೀಮ್ ಅಂಗಡಿಯಲ್ಲೇ ಹುಟ್ಟುತ್ತಿತ್ತು, ಹಾಗಾಗಿ ಪ್ರತಿ ಅಂಗಡಿಯವನ ಕೈಗೂ ನಿಯಮದ ಸರಪಳಿ ಬೇಕಾಯಿತು. ನ್ಯಾಚುರಲ್ಸ್‌ನ ಐಸ್‌ಕ್ರೀಮ್ ಕಾಂದಿವಲಿಯ ಕಾರ್ಖಾನೆಯಲ್ಲಿ ತಯಾರಾಗಿ ಅಂಗಡಿಗಳಿಗೆ ಹೋಗುತ್ತದೆ. ಸೀತಾಫಲದ ಬೀಜ ಬಿಡಿಸುವ ತಲೆನೋವು ಫ್ರಾಂಚೈಸಿಯದಲ್ಲ. ಒಬ್ಬ ಕೆಲಸವನ್ನು ಹಂಚಿ ನಿಯಮ ಹೇರಿದ, ಇನ್ನೊಬ್ಬರು ಕೆಲಸವನ್ನೇ ತಮ್ಮ ಬಳಿ ಇಟ್ಟುಕೊಂಡರು. ಹಿಡಿತ ಸಡಿಲಿಸುವ ಮೂರನೆಯ ಮಾದರಿ ಈ ಕೈಪಿಡಿಯ ಮುದ್ರಣದ ಹೊತ್ತಿಗೆ ಲಭ್ಯವಿಲ್ಲ. ಕಾಮತರು 2024ರ ಮೇ ತಿಂಗಳಲ್ಲಿ ತೀರಿಕೊಂಡರು.

ತೊಂದರೆ ಮತ್ತು ಪರಿಹಾರ

ತೊಂದರೆ: ಫ್ರಾಂಚೈಸಿಯೊಬ್ಬರಿಗೆ ಹೊಸ ಐಡಿಯಾ ಬಂದಿದೆ.
ಪರಿಹಾರ: ಕರಾರಿನ ಪ್ರತಿ ಕಳಿಸಿಕೊಡಿ. ಸಾಮಾನ್ಯವಾಗಿ ಒಂದು ಓದಿಗೆ ಐಡಿಯಾ ಹೋಗುತ್ತದೆ.

ತೊಂದರೆ: ಐಡಿಯಾ ಹೋಗಿಲ್ಲ, ಮಾಲೂ ಚೆನ್ನಾಗಿ ಹೋಗುತ್ತಿದೆ.
ಪರಿಹಾರ: ಐಡಿಯಾ ಕಂಪನಿಯದು ಎಂದು ಘೋಷಿಸಿ. ಮುಂದಿನ ಆವೃತ್ತಿಯ ಕೈಪಿಡಿಯಲ್ಲಿ ಎಲ್ಲರಿಗೂ ಕಡ್ಡಾಯ ಮಾಡಿ.

ತೊಂದರೆ: ಚಳಿಗಾಲ.
ಪರಿಹಾರ: ತಿಮಿಂಗಿಲವನ್ನು ತಿರುಗಿಸಿ ನಿಲ್ಲಿಸಿ.

ತೊಂದರೆ: ವಯಸ್ಸಾಗುತ್ತಿದೆ.
ಪರಿಹಾರ: ಕೆಳಗಿನ ವಾರಂಟಿ ನೋಡಿ.

ವಾರಂಟಿ ಮತ್ತು ಷರತ್ತುಗಳು

1989ರಲ್ಲಿ ಕಾರ್ವೆಲ್ ತನ್ನ ಕಂಪನಿಯನ್ನು ಇನ್ವೆಸ್ಟ್‌ಕಾರ್ಪ್ ಎಂಬ ಹೂಡಿಕೆ ಸಂಸ್ಥೆಗೆ 8 ಕೋಟಿ ಡಾಲರಿಗೂ ಹೆಚ್ಚಿನ ಬೆಲೆಗೆ ಮಾರಿದ. ಮರುವರ್ಷ ತೀರಿಕೊಂಡ. ಆಸ್ತಿಯ ಜಗಳ ಕೋರ್ಟುಗಳಲ್ಲಿ ವರ್ಷಗಟ್ಟಲೆ ನಡೆಯಿತು. 15 ಡಾಲರ್ ಕೊಟ್ಟಿದ್ದ ಅಗ್ನೆಸ್ 1998ರಲ್ಲಿ ಸತ್ತ ಮೇಲೂ ಅದು ಮುಗಿದಿರಲಿಲ್ಲ. ಇತ್ತ ಹೊಸ ಒಡೆಯರು 1990ರ ದಶಕದಲ್ಲಿ ಕೇಕುಗಳನ್ನು ಸೂಪರ್‌ಮಾರ್ಕೆಟ್ಟುಗಳಲ್ಲಿ ಇಟ್ಟು ಮಾರತೊಡಗಿದರು. ಬೇರೆಯವರ ಮಾಲು ಇಡಕೂಡದೆಂಬ ನಿಯಮವನ್ನು ವರ್ಷಾನುಗಟ್ಟಲೆ ಪಾಲಿಸಿದ ಫ್ರಾಂಚೈಸಿಗಳು ತಮ್ಮದೇ ಮಾಲು ಬೇರೆಯವರ ಅಂಗಡಿಯಲ್ಲಿರುವುದನ್ನು ನೋಡಿ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಿದರು. ಕರಾರು ಕಟ್ಟಿಹಾಕುವುದು ಸಹಿ ಮಾಡುವವನನ್ನು, ಬರೆಯುವವನನ್ನಲ್ಲ ಎಂಬುದು ಅವರಿಗೆ ಆಗ ತಿಳಿಯಿತು. ಹಾರ್ಟ್ಸ್‌ಡೇಲಿನ ಆ ಮೊದಲ ಅಂಗಡಿ 2008ರಲ್ಲಿ ಮುಚ್ಚಿತು.

5ನೇ ಹಂತದಲ್ಲಿ ಕೈಯೆತ್ತಿದ ಓದುಗರಿಗೆ ಈಗ ಉತ್ತರ. ನಿಯಮವಿಲ್ಲದ ಕಡೆ ದಾರಿ ಮಾಡಿಕೊಂಡವನೇ ಮುಂದೆ ನಿಯಮ ಬರೆಯುತ್ತಾನೆ. ಅದು ಕಪಟವೆಂದು ತಾವು ಭಾವಿಸಬೇಕಿಲ್ಲ. ಪಂಕ್ಚರ್ ಆದ ಲಾರಿಗಳಲ್ಲಿ ಬಹಳಷ್ಟು ಬರೀ ಪಂಕ್ಚರ್ ಆದ ಲಾರಿಗಳಾಗಿಯೇ ಉಳಿಯುತ್ತವೆ ಎಂದು ಅವನಿಗೆ ಗೊತ್ತು, ಆ 71 ಫ್ರೀಜರುಗಳ ಗತಿಯನ್ನು ಅವನು ಕಣ್ಣಾರೆ ಕಂಡಿದ್ದಾನೆ. ತನ್ನನ್ನು ಬೆಳೆಸಿದ ಅದೃಷ್ಟವನ್ನು ಇನ್ನೊಬ್ಬರಿಗೆ ಮಾರಲು ಬರುವುದಿಲ್ಲ. ಆ ಅದೃಷ್ಟ ಕೈಕೊಟ್ಟಾಗ ಬೀಳದಂತೆ ಹಿಡಿಯುವ ಬೇಲಿಯನ್ನು ಮಾರಲು ಬರುತ್ತದೆ. ಆ ಬೇಲಿಗೆ ಒಳ್ಳೆಯ ಬೆಲೆಯೂ ಇದೆ. ಆದರೆ ಅದೇ ಬೇಲಿ ಇನ್ನೊಬ್ಬ ಕಾರ್ವೆಲ್ ಒಳಗೆ ಹುಟ್ಟದಂತೆಯೂ ನೋಡಿಕೊಳ್ಳುತ್ತದೆ.

ಆದ್ದರಿಂದ ವಾರಂಟಿಯ ವ್ಯಾಪ್ತಿ ಇಷ್ಟು. ಈ ಕೈಪಿಡಿಯನ್ನು ಅಕ್ಷರ ಬಿಡದೆ ಪಾಲಿಸಿದವರಿಗೆ ಒಂದು ಒಳ್ಳೆಯ ಅಂಗಡಿ ಖಂಡಿತ ಸಿಗುತ್ತದೆ: ಚೊಕ್ಕಟವಾದ ಕೌಂಟರು, ಸರಿಯಾದ ಹೊತ್ತಿಗೆ ತೆರೆಯುವ ಬಾಗಿಲು, ತಿಂಗಳ ಕೊನೆಗೆ ಮಿಕ್ಸಿನ ಬಿಲ್ಲು. ಸಾಮ್ರಾಜ್ಯ ಬೇಕಾದವರು ಇದನ್ನು ಕೊಳ್ಳಬಾರದಿತ್ತು. ಕೊಂಡ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ.